ಹಾಸಿಗೆ ಇದ್ದಷ್ಟು ಕಾಲು ಚಾಚು: ಯೋಗಕ್ಕೂ ಸಲ್ಲುವ ಮಾತು

'ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?' ಮಕ್ಕಳನ್ನು ಯೋಗ ತರಗತಿಗೆ ಸೇರಿಸುವ ತಂದೆ–ತಾಯಿಯರ ಬಾಯಲ್ಲಿ ಮೇಲಿಂದ ಮೇಲೆ ಕೇಳಿಬರುವ ಗಾದೆ ಇದು. ಮಾತು ನಿಜವೇ. ಎಳೆಯ ವಯಸ್ಸಿನಲ್ಲಿ ಕಲಿತ ಒಳ್ಳೆಯ ಅಭ್ಯಾಸ ಬದುಕಿನುದ್ದಕ್ಕೂ ಕೈಹಿಡಿಯುತ್ತದೆ. ಆದರೆ ಬಗ್ಗುತ್ತದಲ್ಲ ಎಂದು ಗಿಡವನ್ನು ನೆಲ ಮುಟ್ಟುವ ತನಕ ಎಳೆದರೆ ಅದು ಮುರಿದೀತು ಎಂಬುದನ್ನು ಗಾದೆ ಹೇಳುವುದಿಲ್ಲ. ಅದನ್ನು ತೋಟಗಾರನೇ ತಿಳಿದುಕೊಂಡಿರಬೇಕು.

ಯೋಗಕ್ಕೆ ಈಗ ಎಲ್ಲಿಲ್ಲದ ಮನ್ನಣೆ. ವಿಶ್ವಸಂಸ್ಥೆ 2014ರ ಡಿಸೆಂಬರ್‌ನಲ್ಲಿ ನಿರ್ಣಯ ಅಂಗೀಕರಿಸಿದ ಮೇಲೆ 2015ರಿಂದ ಜೂನ್ 21 ಅಂತರರಾಷ್ಟ್ರೀಯ ಯೋಗ ದಿನವಾಯಿತು. 2020ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಯೋಗಾಸನವನ್ನು ಸ್ಪರ್ಧಾತ್ಮಕ ಕ್ರೀಡೆ ಎಂದು ಒಪ್ಪಿಕೊಂಡಿತು. ಶಾಲೆಯ ಮೈದಾನದಲ್ಲಿ, ಬೇಸಿಗೆ ಶಿಬಿರದಲ್ಲಿ, ಬಡಾವಣೆಯ ಉದ್ಯಾನದಲ್ಲಿ ಮಕ್ಕಳು ಸಾಲಾಗಿ ನಿಂತು ಸೂರ್ಯ ನಮಸ್ಕಾರ ಮಾಡುವುದನ್ನು ಕಂಡರೆ ಯಾರಿಗಾದರೂ ಸಂತೋಷವಾಗುತ್ತದೆ. ಗುರುಗಳಿಲ್ಲದಿದ್ದರೆ ಮೊಬೈಲಿನ ವಿಡಿಯೊ ಇದ್ದೇ ಇದೆ.

ತೊಂದರೆ ಶುರುವಾಗುವುದು ಇಲ್ಲಿಂದಲೇ. ಕಾಲು ಕತ್ತಿನ ಹಿಂದೆ ಹೋದ ಹುಡುಗಿಗೆ ಚಪ್ಪಾಳೆ. ಕೈ ಪಾದಕ್ಕೆ ತಾಗದ ಹುಡುಗನಿಗೆ ನಗೆಪಾಟಲು. 'ಪಕ್ಕದ ಮನೆಯ ಮಗು ಶೀರ್ಷಾಸನ ಮಾಡುತ್ತದೆ, ನಿನಗೇನು ಬಂದಿದೆ?' ಎಂಬ ಪ್ರಶ್ನೆ. ಅಂಕಪಟ್ಟಿಯ ಪೈಪೋಟಿ ಸದ್ದಿಲ್ಲದೆ ಯೋಗದ ಚಾಪೆಯ ಮೇಲೂ ಬಂದು ಕುಳಿತುಬಿಡುತ್ತದೆ. ಮನಸ್ಸಿನ ಒತ್ತಡ ಇಳಿಸಬೇಕಾದ ಅಭ್ಯಾಸವೇ ಇನ್ನೊಂದು ಒತ್ತಡವಾದರೆ ಅದಕ್ಕೆ ಯೋಗವೆಂದು ಹೇಗೆ ಕರೆಯುವುದು?

ಹಿರಿಯರು ಹೇಳಿದ್ದೇನು?

ಮೈಯನ್ನು ದಂಡಿಸಿದಷ್ಟೂ ಯೋಗ ಸಿದ್ಧಿಸುತ್ತದೆ ಎಂಬ ಕಲ್ಪನೆ ನಮ್ಮಲ್ಲಿ ಹೇಗೋ ಬೇರೂರಿದೆ. ಮೂಲ ಗ್ರಂಥಗಳನ್ನು ತೆರೆದರೆ ಚಿತ್ರ ಬೇರೆಯೇ ಇದೆ. ಪತಂಜಲಿಯ ಯೋಗಸೂತ್ರಗಳಲ್ಲಿ ಆಸನಕ್ಕೆಂದೇ ಮೀಸಲಾದ ಸೂತ್ರಗಳು ಮೂರೇ ಮೂರು. ಆಸನ ಅಲುಗದಂತಿರಬೇಕು, ಜೊತೆಗೆ ಸುಖವಾಗಿಯೂ ಇರಬೇಕು ಎನ್ನುವುದು ಅಲ್ಲಿನ ಲಕ್ಷಣ. ಪ್ರಯತ್ನದ ಬಿಗುವನ್ನು ಸಡಿಲಿಸಿದಾಗಲೇ ಅದು ಸಾಧ್ಯ ಎಂದೂ ಪತಂಜಲಿ ಹೇಳುತ್ತಾರೆ. ಹಲ್ಲು ಕಚ್ಚಿ, ಮುಖ ಕೆಂಪಗೆ ಮಾಡಿಕೊಂಡು, ಉಸಿರು ಬಿಗಿಹಿಡಿದು ನಿಂತ ಭಂಗಿ ಈ ಅಳತೆಯಲ್ಲಿ ಆಸನವೇ ಅಲ್ಲ.

ಸ್ವಾತ್ಮಾರಾಮನ 'ಹಠಯೋಗ ಪ್ರದೀಪಿಕೆ' ಹಠಯೋಗದ ಪ್ರಮುಖ ಗ್ರಂಥ. ಹೆಸರಿನಲ್ಲಿ 'ಹಠ' ಇದೆಯೆಂದು ಅದು ಹಟ ಮಾಡಲು ಹೇಳಿದೆ ಎಂದುಕೊಳ್ಳಬೇಡಿ. ಯೋಗವನ್ನು ಕೆಡಿಸುವ ಆರು ಸಂಗತಿಗಳನ್ನು ಅದು ಪಟ್ಟಿಮಾಡುತ್ತದೆ. ಅದರಲ್ಲಿ ಮೊದಲನೆಯದು ಅತಿಯಾದ ಊಟ. ಎರಡನೆಯದು ಅತಿಯಾದ ಶ್ರಮ! ಪ್ರಾಣಾಯಾಮದ ವಿಚಾರಕ್ಕೆ ಬಂದಾಗಲಂತೂ ಎಚ್ಚರಿಕೆ ಇನ್ನೂ ಕಟುವಾಗಿದೆ. ಸಿಂಹ, ಆನೆ, ಹುಲಿಗಳನ್ನು ಹೇಗೆ ಮೆಲ್ಲಮೆಲ್ಲನೆ ಪಳಗಿಸುತ್ತಾರೋ ಹಾಗೆಯೇ ಉಸಿರನ್ನೂ ಪಳಗಿಸಬೇಕು. ಆತುರಪಟ್ಟರೆ ಅದು ಸಾಧಕನನ್ನೇ ಕೊಂದೀತು ಎನ್ನುತ್ತದೆ ಆ ಗ್ರಂಥ.

ಭಗವದ್ಗೀತೆಯ ಆರನೆಯ ಅಧ್ಯಾಯದ ಮಾತೂ ಇದೇ. ಅತಿಯಾಗಿ ತಿನ್ನುವವನಿಗೂ ಯೋಗವಿಲ್ಲ, ಏನೂ ತಿನ್ನದವನಿಗೂ ಇಲ್ಲ. ಅತಿಯಾಗಿ ಮಲಗುವವನಿಗೂ ಇಲ್ಲ, ಸದಾ ಎಚ್ಚರವಿರುವವನಿಗೂ ಇಲ್ಲ. ಪರೀಕ್ಷೆಯ ದಿನಗಳಲ್ಲಿ ರಾತ್ರಿ ಎರಡು ಗಂಟೆಯವರೆಗೆ ಓದಿ, ನಾಲ್ಕೂವರೆಗೆ ಎದ್ದು ಪ್ರಾಣಾಯಾಮಕ್ಕೆ ಕೂರುವ ವಿದ್ಯಾರ್ಥಿಗಳು ಕೊನೆಯ ಮಾತನ್ನು ವಿಶೇಷವಾಗಿ ಗಮನಿಸಬೇಕು.

ಮೈಸೂರಿನ ಪಾಠ

ಮಿತಿಯ ಮಹತ್ವವನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ಜಗತ್ತಿನ ಉದ್ದಗಲಕ್ಕೂ ಇಂದು ಹರಡಿರುವ ಆಸನಾಭ್ಯಾಸದ ದೊಡ್ಡ ಪಾಲು ಮೈಸೂರಿನಿಂದಲೇ ಹೊರಟದ್ದು. ಚಿತ್ರದುರ್ಗ ಸೀಮೆಯಲ್ಲಿ 1888ರಲ್ಲಿ ಹುಟ್ಟಿದ ತಿರುಮಲೈ ಕೃಷ್ಣಮಾಚಾರ್ಯರು ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ 1933ರಿಂದ ಜಗನ್ಮೋಹನ ಅರಮನೆಯ ಯೋಗಶಾಲೆಯಲ್ಲಿ ಪಾಠ ಹೇಳಿದರು. ಅವರ 'ಯೋಗ ಮಕರಂದ' 1934ರಲ್ಲಿ ಕನ್ನಡದಲ್ಲೇ ಪ್ರಕಟವಾಯಿತು. ಹಾಸನ ಜಿಲ್ಲೆಯ ಕೌಶಿಕದ ಕೆ. ಪಟ್ಟಾಭಿ ಜೋಯಿಸ್, ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ಇಬ್ಬರೂ ಅವರ ಶಿಷ್ಯರೇ.

ಅಯ್ಯಂಗಾರ್ ಬಾಲ್ಯದಲ್ಲಿ ತೀರ ರೋಗಿಷ್ಠ. ಮಲೇರಿಯಾ, ಟೈಫಾಯ್ಡ್, ಕ್ಷಯ ಒಂದಾದ ಮೇಲೊಂದು ಬಂದು ಮೈ ಬತ್ತಿಹೋಗಿತ್ತು. ಅಕ್ಕನ ಗಂಡನೂ ಆಗಿದ್ದ ಕೃಷ್ಣಮಾಚಾರ್ಯರಲ್ಲಿಗೆ ಅವರು ಬಂದದ್ದು ಹದಿಹರೆಯದಲ್ಲಿ. ಗುರುಗಳು ಬಹಳ ಕಟ್ಟುನಿಟ್ಟು. ಒಮ್ಮೆ ಅತಿಥಿಯೊಬ್ಬರ ಮುಂದೆ ಹನುಮಾನಾಸನ ಮಾಡಿ ತೋರಿಸಲು ಅಪ್ಪಣೆಯಾಯಿತು. ಎರಡೂ ಕಾಲುಗಳನ್ನು ಹಿಂದಕ್ಕೂ ಮುಂದಕ್ಕೂ ನೇರವಾಗಿ ಚಾಚಿ ನೆಲಕ್ಕೆ ಕೂರುವ ಕಠಿಣ ಆಸನ ಅದು. ಅಭ್ಯಾಸವಿಲ್ಲದ ಹುಡುಗ ಗುರುವಿನ ಮಾತು ಮೀರಲಾರದೆ ಮಾಡಿದ. ತೊಡೆಯ ಹಿಂಭಾಗದ ಸ್ನಾಯು ಹರಿಯಿತು. ಬಹುಕಾಲ ಸರಿಯಾಗಿ ನಡೆಯಲೂ ಕಷ್ಟವಾಗಿತ್ತೆಂದು ಅಯ್ಯಂಗಾರ್ ಅವರೇ ಮುಂದೆ ನೆನಪಿಸಿಕೊಂಡಿದ್ದಾರೆ.

ಅದೇ ಅಯ್ಯಂಗಾರ್ ಪುಣೆಯಲ್ಲಿ ತಮ್ಮದೇ ಆದ ಬೋಧನಾ ಕ್ರಮವನ್ನು ಬೆಳೆಸಿದಾಗ ಮರದ ಇಟ್ಟಿಗೆ, ಪಟ್ಟಿ, ಹಗ್ಗ, ದಿಂಬು, ಮಡಚಿದ ಕಂಬಳಿ, ಸಾಮಾನ್ಯ ಕುರ್ಚಿ ಇವನ್ನೆಲ್ಲ ಆಸನದ ಸಾಧನಗಳಾಗಿ ಬಳಸಿದರು. ನೆಲ ಮುಟ್ಟಲಾರದ ಕೈಗೆ ಇಟ್ಟಿಗೆ ಕೊಡಿ. ಕೈಯೇ ನೆಲಕ್ಕೆ ಬರಬೇಕೆಂದು ಬೆನ್ನು ಮುರಿಯಬೇಡಿ ಎಂಬುದು ಅದರ ತಾತ್ಪರ್ಯ. ಕೃಷ್ಣಮಾಚಾರ್ಯರೂ ಮದ್ರಾಸಿನಲ್ಲಿ ಕಳೆದ ತಮ್ಮ ಮುಂದಿನ ವರ್ಷಗಳಲ್ಲಿ ಒಬ್ಬೊಬ್ಬರ ವಯಸ್ಸು, ಆರೋಗ್ಯ, ಶಕ್ತಿ ನೋಡಿ ಬೇರೆ ಬೇರೆ ಪಾಠ ಹೇಳುತ್ತಿದ್ದರು. ಗುರು ಶತಾಯುಷಿಯಾಗಿ 1989ರಲ್ಲಿ ತೀರಿಕೊಂಡರು. ಶಿಷ್ಯ 95 ವರ್ಷ ಬದುಕಿ 2014ರಲ್ಲಿ. ವ್ಯಕ್ತಿಗೆ ತಕ್ಕಂತೆ ಯೋಗವೇ ಹೊರತು ಯೋಗಕ್ಕೆ ತಕ್ಕಂತೆ ವ್ಯಕ್ತಿಯನ್ನು ಕೊರೆಯುವುದಲ್ಲ ಎಂಬ ತಿಳಿವಳಿಕೆಗೆ ಇಬ್ಬರೂ ಬಂದು ಮುಟ್ಟಿದರು.

ದೇಹ ಮಾತಾಡುತ್ತದೆ, ಹೇಗೆ?

'ನಿಮ್ಮ ದೇಹದ ಮಾತು ಕೇಳಿ' ಎಂದು ಎಲ್ಲರೂ ಹೇಳುತ್ತಾರೆ. ಹದಿನಾಲ್ಕು ವರ್ಷದ ಹುಡುಗನಿಗೆ ಆ ಮಾತು ಕೇಳಿಸುವುದು ಹೇಗೆ? ಇದಕ್ಕೆ ಮೂರು ಗುರುತುಗಳಿವೆ.

ಮೊದಲನೆಯದು ನೋವಿನ ಸ್ಥಳ. ಮುಂದಕ್ಕೆ ಬಾಗಿದಾಗ ತೊಡೆಯ ಹಿಂಭಾಗದ ನಡುವಿನಲ್ಲಿ ಹರಡಿದಂತೆ ಎಳೆತ ಕಂಡರೆ ಅದು ಸ್ನಾಯು ಹಿಗ್ಗುತ್ತಿರುವ ಲಕ್ಷಣ, ಚಿಂತೆಯಿಲ್ಲ. ಅದೇ ಎಳೆತ ಮೂಳೆಯ ಬುಡದಲ್ಲಿ, ಕೀಲಿನೊಳಗೆ ಚುಚ್ಚಿದಂತೆ, ಕುಟುಕಿದಂತೆ ಆದರೆ ಕೂಡಲೇ ಹಿಂದೆ ಸರಿಯಬೇಕು. ಕೀಲುಗಳನ್ನು ಹಿಡಿದಿಡುವ ಲಿಗಮೆಂಟ್ ಎಂಬ ಕಟ್ಟುಗಳು ಸ್ನಾಯುವಿನಂತೆ ಹಿಗ್ಗಿ ಕುಗ್ಗುವಂಥವಲ್ಲ. ಒಮ್ಮೆ ಅತಿಯಾಗಿ ಜಗ್ಗಿದರೆ ಹಳೆಯ ಪೈಜಾಮದ ಲಾಡಿಯಂತೆ ಸಡಿಲಾಗಿಯೇ ಉಳಿದಾವು. ಜುಮ್ಮೆನ್ನುವುದು, ಮರಗಟ್ಟುವುದು, ಕರೆಂಟು ಹೊಡೆದಂತಾಗುವುದು ನರದ ದೂರು. ಅದನ್ನಂತೂ ಸಹಿಸಿಕೊಂಡು ಕೂರಲೇಬಾರದು.

ಎರಡನೆಯದು ಉಸಿರು. ಆಸನದಲ್ಲಿ ಮೂಗಿನಿಂದ ಸಲೀಸಾಗಿ ಉಸಿರಾಡಲು ಆಗುತ್ತಿದೆಯೇ? ಹಾಗಿದ್ದರೆ ಮಿತಿಯೊಳಗೆ ಇದ್ದೀರಿ. ಉಸಿರು ತುಂಡು ತುಂಡಾದರೆ, ಬಾಯಿ ತೆರೆದು ಏದುವಂತಾದರೆ, ಅರಿವಿಲ್ಲದೆ ಕಟ್ಟಿಹೋದರೆ ಮಿತಿ ದಾಟಿತೆಂದೇ ಅರ್ಥ. ಇದಕ್ಕಿಂತ ಅಗ್ಗದ, ಇದಕ್ಕಿಂತ ನಂಬಿಕಸ್ಥ ಮಾಪಕ ಇನ್ನೊಂದಿಲ್ಲ.

ಮೂರನೆಯದು ಮರುದಿನ ಬೆಳಗು. ಹೊಸದಾಗಿ ಶುರುಮಾಡಿದವರಿಗೆ ಒಂದೆರಡು ದಿನ ಮೈಕೈ ನೋವು ಸಹಜ. ಮೂರು ದಿನ ಕಳೆದರೂ ಅದೇ ಜಾಗ ನೋಯುತ್ತಿದ್ದರೆ, ಊತವಿದ್ದರೆ, ಮೆಟ್ಟಿಲು ಹತ್ತಲು, ಬ್ಯಾಗು ಹೊರಲು ತೊಡಕಾದರೆ ಅಭ್ಯಾಸ ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು.

ಇನ್ನೊಂದು ವಿಷಯ. ಜಗ್ಗಿ ಜಗ್ಗಿ, ಎಗರಿ ಎಗರಿ ಬಾಗುವುದರಿಂದ ಲಾಭವಿಲ್ಲ. ಸ್ನಾಯುವನ್ನು ಥಟ್ಟನೆ ಎಳೆದರೆ ಅದು ತನ್ನ ರಕ್ಷಣೆಗಾಗಿ ಇನ್ನಷ್ಟು ಬಿಗಿಯುತ್ತದೆ. ಇದು ನರವ್ಯೂಹದ ಸ್ವಭಾವ. ನಿಧಾನವಾಗಿ ಹೋಗಿ, 20–30 ಸೆಕೆಂಡು ನೆಮ್ಮದಿಯಾಗಿ ನಿಂತರೆ ಅದೇ ಸ್ನಾಯು ತಾನಾಗಿ ಸಡಿಲುತ್ತದೆ. ಬೆನ್ನ ಮೇಲೆ ಕೂತು ಒತ್ತುವುದು, ಹಿಂದಿನಿಂದ ನೂಕುವುದು ಇದೇ ಕಾರಣಕ್ಕೆ ತಪ್ಪು.

ಬೆಳೆಯುವ ಮಕ್ಕಳ ಮೂಳೆ

ಮಕ್ಕಳ ಮೈ ದೊಡ್ಡವರ ಮೈಯ ಚಿಕ್ಕ ಪ್ರತಿಯಲ್ಲ. ಉದ್ದನೆಯ ಮೂಳೆಗಳ ತುದಿಗಳಲ್ಲಿ ಮೃದ್ವಸ್ಥಿಯ ಬೆಳವಣಿಗೆಯ ಫಲಕಗಳಿರುತ್ತವೆ. ಎತ್ತರ ಬೆಳೆಯುವುದು ಇಲ್ಲಿಂದಲೇ. ಸಾಮಾನ್ಯವಾಗಿ ಹುಡುಗಿಯರಲ್ಲಿ 14–15, ಹುಡುಗರಲ್ಲಿ 16–17ನೇ ವಯಸ್ಸಿನ ಆಸುಪಾಸಿನಲ್ಲಿ ಇವು ಗಟ್ಟಿಮೂಳೆಯಾಗಿ ಮುಚ್ಚಿಕೊಳ್ಳುತ್ತವೆ. ಅಲ್ಲಿಯ ತನಕ ಮೂಳೆಯ ದುರ್ಬಲ ಭಾಗ ಇದೇ. ದೊಡ್ಡವರಿಗೆ ಉಳುಕು ತರುವ ಎಳೆತ ಮಕ್ಕಳಿಗೆ ಈ ಜಾಗದಲ್ಲಿ ಪೆಟ್ಟು ಮಾಡಬಹುದು.

ಏಳನೇ ತರಗತಿಯಲ್ಲಿ ಸರಾಗವಾಗಿ ಬಾಗುತ್ತಿದ್ದ ಹುಡುಗ ಒಂಬತ್ತನೇ ತರಗತಿಗೆ ಬಂದಾಗ ಕಟ್ಟಿಗೆಯಂತೆ ಬಿಗಿದಿರುವುದನ್ನು ಶಿಕ್ಷಕರು ಕಂಡಿರುತ್ತಾರೆ. ಇದು ಸೋಮಾರಿತನವಲ್ಲ. ಮಗು ಗಬಕ್ಕನೆ ಎತ್ತರವಾಗುವ ಆ ಒಂದೆರಡು ವರ್ಷ ಮೈ ಬಿಗಿಯುವುದುಂಟು. ಅಂಥ ಮಗುವಿಗೆ ಬೇಕಾದದ್ದು ತಾಳ್ಮೆ, ಬೈಗುಳವಲ್ಲ.

ಇದಕ್ಕೆ ವಿರುದ್ಧವಾಗಿ ಕೆಲವು ಮಕ್ಕಳು ಹುಟ್ಟಿನಿಂದಲೇ ಬಳ್ಳಿಯಂತೆ. ಹೆಬ್ಬೆರಳು ಮುಂಗೈಗೆ ತಾಗುತ್ತದೆ, ಮೊಣಕೈ ಹಿಂದಕ್ಕೆ ಬಾಗುತ್ತದೆ. ಎಲ್ಲರೂ ಇಂಥವರನ್ನೇ ವೇದಿಕೆಗೆ ಹತ್ತಿಸುತ್ತಾರೆ. ವಾಸ್ತವವಾಗಿ ಹೆಚ್ಚು ಜಾಗ್ರತೆ ಬೇಕಾದದ್ದು ಇವರಿಗೇ. ಕೀಲು ಮೊದಲೇ ಸಡಿಲ. ಇನ್ನಷ್ಟು ಬಾಗಿಸುವುದಕ್ಕಿಂತ ಸ್ನಾಯು ಬಲಪಡಿಸುವ ವೀರಭದ್ರಾಸನ, ಉತ್ಕಟಾಸನದಂಥವು ಇವರಿಗೆ ಹಿತ.

ಎಲ್ಲಿ ಎಚ್ಚರ ಬೇಕು?

ಪದ್ಮಾಸನ ಸುಲಭವೆಂದು ಕಾಣುತ್ತದೆ. ಪಾದವನ್ನು ತೊಡೆಯ ಮೇಲೆ ತರಲು ತಿರುಗಬೇಕಾದದ್ದು ಸೊಂಟದ ಕೀಲು. ಮಂಡಿ ಬಾಗಿಲಿನ ಕೀಲಿದ್ದಂತೆ. ಮಡಚಲು, ಬಿಡಿಸಲು ಹೇಳಿಮಾಡಿಸಿದ್ದು, ತಿರುಚಲು ಅಲ್ಲ. ಸೊಂಟ ತಿರುಗದಿದ್ದಾಗ ಕೈಯಿಂದ ಪಾದವನ್ನು ಎಳೆದು ಕೂರಿಸಿದರೆ ಮಂಡಿಯೊಳಗಿನ ಮೆತ್ತೆಗೆ ಪೆಟ್ಟು. ಮಂಡಿ ನೋಯುವವರು ಸುಖಾಸನದಲ್ಲಿ ಕೂತರೆ ಧ್ಯಾನಕ್ಕೆ ಯಾವ ಕುಂದೂ ಇಲ್ಲ.

ಶೀರ್ಷಾಸನಕ್ಕೆ 'ಆಸನಗಳ ರಾಜ' ಎಂಬ ಬಿರುದಿದೆ. ಆದರೆ ನಮ್ಮ ಕತ್ತು ಇರುವುದು ನಾಲ್ಕೈದು ಕಿಲೋ ತೂಗುವ ತಲೆಯನ್ನು ಹೊರಲು. ತಲೆಕೆಳಗಾದಾಗ, ತೋಳುಗಳು ಪಾಲು ಹೊತ್ತರೂ, ಮೈಭಾರದ ದೊಡ್ಡ ಅಂಶ ಅದರ ಮೇಲೆ ಬೀಳುತ್ತದೆ. ಶೀರ್ಷಾಸನದಲ್ಲಿ ಕಣ್ಣಿನೊಳಗಿನ ಒತ್ತಡ ಸುಮಾರು ಎರಡು ಪಟ್ಟಾಗುತ್ತದೆಂದು ಭಾರತದ ನೇತ್ರತಜ್ಞರು 2006ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿದೆ. ಹೆಚ್ಚು ಪವರಿನ ಕನ್ನಡಕ ಹಾಕುವ ವಿದ್ಯಾರ್ಥಿಗಳು, ಮನೆಯಲ್ಲಿ ಗ್ಲಾಕೋಮಾ ಇರುವವರು ಕಣ್ಣಿನ ವೈದ್ಯರನ್ನು ಕೇಳದೆ ಇದಕ್ಕೆ ಕೈಹಾಕಬಾರದು. ವಿಡಿಯೊ ನೋಡಿ, ಗೋಡೆಗೊರಗಿ ಒಬ್ಬರೇ ಕಲಿಯುವ ಆಸನವಂತೂ ಇದು ಅಲ್ಲವೇ ಅಲ್ಲ.

ವಜ್ರಾಸನದಲ್ಲೂ ಅತಿಯಾಗಬಹುದೇ? ಆಗಬಹುದು. ಮಂಡಿ ಮಡಚಿ ಹಿಮ್ಮಡಿಯ ಮೇಲೆ ದಿನವೂ ಗಂಟೆಗಟ್ಟಲೆ ಕೂರುತ್ತಿದ್ದ ಕಾಲೇಜು ವಿದ್ಯಾರ್ಥಿಯೊಬ್ಬನಿಗೆ ಪಾದ ಮೇಲೆತ್ತಲಾಗದ ಸ್ಥಿತಿ ಬಂದದ್ದನ್ನು 1971ರಲ್ಲಿ ಅಮೆರಿಕದ ವೈದ್ಯಕೀಯ ನಿಯತಕಾಲಿಕವೊಂದು ವರದಿ ಮಾಡಿತ್ತು. ಮಂಡಿಯ ಹೊರಬದಿಯಲ್ಲಿ ಹಾಯುವ ನರ ಅದುಮಿಹೋಗಿತ್ತು. ಹಾಗೆ ಕೂರುವುದನ್ನು ಬಿಟ್ಟ ಮೇಲೆ ಅವನು ಸುಧಾರಿಸಿಕೊಂಡ. ಊಟದ ನಂತರ ಐದು–ಹತ್ತು ನಿಮಿಷ ಕೂತರೆ ಬೇಕಾದಷ್ಟಾಯಿತು. ಕಾಲು ಜೋಮು ಹಿಡಿದರೆ ಏಳಬೇಕು.

ಕಪಾಲಭಾತಿ, ಭಸ್ತ್ರಿಕಾಗಳಲ್ಲಿ 'ಇಂದು ಐನೂರು, ನಾಳೆ ಸಾವಿರ' ಎಂದು ಎಣಿಸುವ ಚಾಳಿ ಬೆಳೆದಿದೆ. ಬಿರುಸಿನಿಂದ ಉಸಿರು ಬಿಡುತ್ತ ಹೋದರೆ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ; ಮಿದುಳಿನ ರಕ್ತನಾಳಗಳು ಕಿರಿದಾಗುತ್ತವೆ. ತಲೆ ತಿರುಗುವುದು, ಬೆರಳ ತುದಿ ಜುಮ್ಮೆನ್ನುವುದು ಅದರಿಂದಲೇ. ಅದನ್ನು 'ಶಕ್ತಿ ಸಂಚಾರ' ಎಂದು ತಿಳಿದು ಮುಂದುವರಿಸುವುದು ಅಪಾಯ. ಆಸ್ತಮಾ, ಮೂರ್ಛೆರೋಗ, ಹೃದಯದ ತೊಂದರೆ ಇರುವ ಮಕ್ಕಳು ವೈದ್ಯರ ಒಪ್ಪಿಗೆಯಿಲ್ಲದೆ ಇವನ್ನು ಮಾಡಬಾರದು. ಚಿಕ್ಕ ಮಕ್ಕಳಿಗೆ ನಿಧಾನವಾದ ದೀರ್ಘ ಉಸಿರು, ಭ್ರಾಮರಿ ಸಾಕು.

ಹೆಣ್ಣುಮಕ್ಕಳಿಗೆ ಮುಟ್ಟಿನ ದಿನಗಳಲ್ಲಿ ತಲೆಕೆಳಗಾಗುವ ಆಸನ, ಹೊಟ್ಟೆ ಅದುಮುವ ಕ್ರಿಯೆಗಳನ್ನು ಬಿಡುವುದು ಯೋಗಶಾಲೆಗಳಲ್ಲಿ ನಡೆದುಬಂದ ಪದ್ಧತಿ. ಹೊಟ್ಟೆನೋವಿದ್ದಾಗ ಆ ದಿನ ವಿಶ್ರಾಂತಿ ತೆಗೆದುಕೊಂಡರೆ ಶಿಸ್ತು ತಪ್ಪಿದಂತಲ್ಲ. 'ಇವತ್ತು ಬೇಡ' ಎಂದು ಹುಡುಗಿ ಸಂಕೋಚವಿಲ್ಲದೆ ಹೇಳುವ ವಾತಾವರಣ ತರಗತಿಯಲ್ಲಿರಬೇಕು. ಕಾರಣ ಕೇಳಿ ಮುಜುಗರಪಡಿಸಬಾರದು.

ಪರೀಕ್ಷೆಯ ದಿನಗಳಲ್ಲಿ

ಎಸ್ಸೆಸ್ಸೆಲ್ಸಿ, ಪಿಯುಸಿ ಪರೀಕ್ಷೆ ಹತ್ತಿರವಾದಾಗ ಜ್ಞಾಪಕಶಕ್ತಿ ಹೆಚ್ಚಲೆಂದು ಒಮ್ಮೆಲೇ ಒಂದು ಗಂಟೆಯ ಯೋಗ ಶುರುಮಾಡಿಸುವ ಮನೆಗಳಿವೆ. ಯೋಗ ಅಂಕ ತಂದುಕೊಡುವ ಮಂತ್ರವಲ್ಲ. ನಿದ್ದೆಗೆ ಬದಲಿಯೂ ಅಲ್ಲ. ಕೂತು ಕೂತು ಹಿಡಿದುಕೊಂಡ ಬೆನ್ನು, ಕತ್ತು, ಭುಜಗಳನ್ನು ಸಡಿಲಿಸಿ, ಗಾಬರಿಗೊಂಡ ಮನಸ್ಸನ್ನು ಒಂದಿಷ್ಟು ತಣಿಸಿದರೆ ಅದೇ ದೊಡ್ಡ ಉಪಕಾರ.

ಅದಕ್ಕೆ ದಿನಕ್ಕೆ 20 ನಿಮಿಷ ಧಾರಾಳ ಸಾಕು. ಕತ್ತು–ಭುಜಗಳ ಸರಳ ಚಲನೆಗೆ ಮೂರು ನಿಮಿಷ. ತಾಡಾಸನ, ಅರ್ಧ ಕಟಿ ಚಕ್ರಾಸನ, ತ್ರಿಕೋನಾಸನ, ಭುಜಂಗಾಸನಕ್ಕೆ ಒಂಬತ್ತು ನಿಮಿಷ. ನಾಡಿಶೋಧನ ಇಲ್ಲವೇ ಭ್ರಾಮರಿಗೆ ಮೂರು. ಕೊನೆಗೆ ಶವಾಸನಕ್ಕೆ ಐದು. ಊಟವಾಗಿ ಮೂರು–ನಾಲ್ಕು ಗಂಟೆ, ಲಘು ತಿಂಡಿಯಾದರೆ ಒಂದೂವರೆ–ಎರಡು ಗಂಟೆ ಕಳೆದಿರಲಿ. ಜ್ವರ, ಭೇದಿ, ನಿದ್ದೆಗೆಟ್ಟ ದಿನ ಆಸನಗಳಿಗೆ ರಜೆ ಕೊಡಿ. ಅನೇಕರು ಸಮಯವಿಲ್ಲವೆಂದು ಮೊದಲು ಕತ್ತರಿಹಾಕುವುದು ಶವಾಸನಕ್ಕೆ. ವಿದ್ಯಾರ್ಥಿಗೆ ಎಲ್ಲಕ್ಕಿಂತ ಬೇಕಾದದ್ದು ಅದೇ.

ಪಾಲಕರು ಕೇಳಬೇಕಾದ ಪ್ರಶ್ನೆಗಳು

ತರಗತಿಗೆ ಸೇರಿಸುವ ಮೊದಲು ಶುಲ್ಕ ಎಷ್ಟೆಂದು ವಿಚಾರಿಸುತ್ತೇವೆ. ಜೊತೆಗೆ ಇವನ್ನೂ ವಿಚಾರಿಸಬಾರದೇ? ಶಿಕ್ಷಕರು ಮಗುವಿನ ಹಳೆಯ ಕಾಯಿಲೆ, ಪೆಟ್ಟುಗಳ ಬಗ್ಗೆ ಕೇಳುತ್ತಾರೆಯೇ? ಒಬ್ಬರ ಕಣ್ಣಳತೆಗೆ ಮೀರಿದಷ್ಟು ಮಕ್ಕಳಿದ್ದಾರೆಯೇ? ಬಾರದ ಆಸನಕ್ಕೆ ಸುಲಭ ರೂಪ ಹೇಳಿಕೊಡುತ್ತಾರೆಯೇ? 'ನೋಯುತ್ತಿದೆ ಸಾರ್' ಎಂದಾಗ ನಿಲ್ಲಿಸುತ್ತಾರೆಯೇ ಅಥವಾ 'ತಡಕೋ' ಎನ್ನುತ್ತಾರೆಯೇ? ಕೊನೆಯ ಪ್ರಶ್ನೆಯ ಉತ್ತರ ತಿಳಿಯಲು ಒಂದು ದಿನ ಹಿಂದಿನ ಸಾಲಿನಲ್ಲಿ ಸುಮ್ಮನೆ ಕೂತು ನೋಡಿದರೆ ಸಾಕು.

ಸ್ಪರ್ಧೆ ಕೂಡದೆಂದಲ್ಲ. ಆಸಕ್ತಿಯಿರುವ ಮಗು ಒಳ್ಳೆಯ ತರಬೇತಿಯಲ್ಲಿ ಹಂತಹಂತವಾಗಿ ಬೆಳೆದು ಪದಕ ತಂದರೆ ಸಂತೋಷವೇ. ಆದರೆ ತೀರ್ಪುಗಾರರಿಗೆ ಕಾಣುವುದು ಬಾಗಿದ ಬೆನ್ನು ಮಾತ್ರ. ರಾತ್ರಿ ಸೊಂಟಕ್ಕೆ ಮುಲಾಮು ಹಚ್ಚುವುದು ಅಮ್ಮನ ಕಣ್ಣಿಗೇ ಬೀಳಬೇಕು. ವಾರಕ್ಕೊಂದು ಪೂರ್ತಿ ಬಿಡುವು, ನೋವಿದ್ದಾಗ ಸ್ಪರ್ಧೆಯಿಂದ ಹಿಂದೆ ಸರಿಯುವ ಸ್ವಾತಂತ್ರ್ಯ ಇವೆರಡನ್ನೂ ಮಗುವಿಗೆ ಕೊಡಬಲ್ಲವರು ತಂದೆ–ತಾಯಿ ಮಾತ್ರ.

ಮಿತವಾಗಿ ಮಾಡುವುದೆಂದರೆ ಅರೆಮನಸ್ಸಿನಿಂದ ಮಾಡುವುದಲ್ಲ. ಮೈಗಳ್ಳತನಕ್ಕೆ 'ನನ್ನ ದೇಹ ಬೇಡವೆನ್ನುತ್ತಿದೆ' ಎಂಬ ನೆಪ ಹೂಡುವ ಜಾಣರೂ ಉಂಟು! ನೋವಿಗೂ ಆಲಸ್ಯಕ್ಕೂ ಇರುವ ವ್ಯತ್ಯಾಸ ಸರಳ. ಆಲಸ್ಯ ಚಾಪೆ ಹಾಸಿ ಐದು ನಿಮಿಷವಾದರೆ ಓಡಿಹೋಗುತ್ತದೆ. ನೋವು ಹೆಚ್ಚುತ್ತ ಹೋಗುತ್ತದೆ. ಈ ಭೇದವನ್ನು ತನ್ನೊಳಗೇ ಗುರುತಿಸಲು ಕಲಿತ ವಿದ್ಯಾರ್ಥಿ ಚಾಪೆಯ ಮೇಲಷ್ಟೇ ಅಲ್ಲ, ಓದಿನ ಮೇಜಿನ ಮುಂದೆಯೂ ಎಲ್ಲಿ ಮುಂದುವರಿಯಬೇಕು, ಎಲ್ಲಿ ನಿಲ್ಲಬೇಕು ಎಂಬುದನ್ನು ಅರಿತಿರುತ್ತಾನೆ. ಇಂದು ಬೆರಳು ಮೊಣಕಾಲಿಗೆ ತಾಗಿದರೆ ಮೊಣಕಾಲೇ ಸರಿ. ಪಾದ ಎಲ್ಲಿಗೂ ಓಡಿಹೋಗುವುದಿಲ್ಲ. ದಿನವೂ ಇಷ್ಟಿಷ್ಟೇ ಬಾಗುತ್ತ ಹೋದರೆ ಅದು ಒಂದು ದಿನ ಕೈಗೆ ಸಿಕ್ಕೇ ಸಿಗುತ್ತದೆ.